ಜೇನಪ್ಪ ಪೂಜೆಗೆ ಕುಂತಾನೆ

29 ಮಾರ್ಚ್ 1987, ಭಾನುವಾರ. ಹೊನ್ನಾಳಿ

ಕೆಲಸ ಸಿಕ್ಕಿತು! ಸಿಕ್ಕೇ ಬಿಟ್ಟಿತು!

ತಿಪ್ಪೇಶಪ್ಪನ ಮಕ್ಕಳ ವಿನೋದ ಪ್ರದರ್ಶನದಲ್ಲಿ ಮೈಕಿನವನು ಬಿಟ್ಟು ಹೋಗಿದ್ದಾನೆ ಎಂದು ಯಾರೋ ಹೇಳಿದ್ದೇ ತಡ, ಬಸ್ಸು ಹತ್ತಿ ಬಂದೆ. ಮೈದಾನದಲ್ಲಿ ಕೈಯಿಂದ ತಿರುಗಿಸುವ ತೊಟ್ಟಿಲು, ನಗೆಗನ್ನಡಿ ಡೇರೆ, ರಿಂಗ್ ಎಸೆಯುವ ಅಂಗಡಿ. ನಡುವೆ ಹಗ್ಗ ಕಟ್ಟಿದ ಗುಂಡನೆಯ ಅಂಗಳ. ಅದು ಕರಡಿ ಜೇನಪ್ಪನದು.

"ಹೆಸ್ರೇನವ್ವ?" ಎಂದ ತಿಪ್ಪೇಶಪ್ಪ.

"ಮಂಗಳ."

"ಯಾವೂರು?"

"ಹರಿಹರದ ಕಡೇರು."

"ಜೇನಪ್ಪ ಒಳಗೆ ಹೋಗ್ಯಾನೆ, ಹೊರಗೆ ಹುಡುಗ್ರು ಕೂಗ್ತಾ ಅದಾರೆ. ಮೈಕ್‌ನಾಗೆ ಏನಂತೀಯ?"

ಮೈಕ್ ಕಸಿದುಕೊಂಡೆ. "ಮಕ್ಕಳೇ, ಜೇನಪ್ಪ ತುಂಗಭದ್ರೇಲಿ ಮೀಯಾಕೆ ಹೋಗ್ಯಾನೆ. ಮೊಸಳೆ ಬೆನ್ನು ಉಜ್ಜತಾ ಐತೆ. ಒಂದು ಕಡೆ ಉಜ್ಜಿ ಆಯ್ತು, ಇನ್ನೊಂದು ಕಡೆ ಬಾಕಿ!"

ತಿಪ್ಪೇಶಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ತಿಪ್ಪೇಶಪ್ಪ, ನಗು. ನನ್ನ ಪೂರ್ತಿ ಹೆಸರು ಸರ್ವಮಂಗಳ. ಊರು ನಲ್ಲೂರು. ನಾನು ಮರುಳಪ್ಪನ ತಂಗಿ. ಮೂರು ವರ್ಷದ ಹಿಂದೆ ನೀನು ಇದೇ ಮೈಕಿನಲ್ಲಿ ಮಾನ ಕಳೆದೆಯಲ್ಲ, ಆ ಮರುಳಪ್ಪನ ತಂಗಿ.

31 ಮಾರ್ಚ್, ಮಂಗಳವಾರ

ನನ್ನ ಕೆಲಸ ಇಷ್ಟೇ. ಜೇನಪ್ಪ ಅಂಗಳದಲ್ಲಿ ಕುಣಿಯುವಾಗ ಮಾತಾಡಬೇಕು. ಕರಡಿ ವೇಷದ ಒಳಗಿನವನಿಗೆ ಸುಸ್ತಾದರೆ ಎಡಗಿವಿ ಕೆರೆದುಕೊಳ್ಳುತ್ತಾನೆ. ಅದು ಕಂಡ ಕೂಡಲೇ ನಾನೊಂದು ಕಥೆ ಕಟ್ಟಿ ಹೇಳಬೇಕು, ಜೇನಪ್ಪ ಡೇರೆಯ ಹಿಂದೆ ಹೋಗಬೇಕು. ನಾನು ಹೇಳದೆ ಅವನು ಹೋಗುವ ಹಾಗಿಲ್ಲ. ಹೋದರೆ ಹುಡುಗರು ಬೆನ್ನಟ್ಟಿಕೊಂಡು ಹಿಂದಕ್ಕೇ ಬಂದುಬಿಡುತ್ತಾರೆ, ತಲೆ ತೆಗೆದಿಟ್ಟು ಕೂತವನನ್ನು ನೋಡಿಬಿಡುತ್ತಾರೆ.

"ಒಳಗೆ ಯಾರೂ ಇಲ್ಲ. ತಿಳೀತಾ?" ಎಂದ ತಿಪ್ಪೇಶಪ್ಪ. "ಯಾರೇ ಕೇಳ್ಲಿ. ಕರಡಿ ಒಳಗೆ ಕರಡೀನೇ ಇರೋದು."

ನನಗೆ ಹೇಳಿಕೊಡುತ್ತಾನೆ! ಜೇನಪ್ಪನ ಮೊದಲ ಅಭಿಮಾನಿ ನಾನು. ಆ ನಡಿಗೆ ನಮ್ಮನೆ ಹಿತ್ತಲಲ್ಲಿ ಹುಟ್ಟಿದ್ದು. ಅಣ್ಣ ಕಂಬಳಿ ಹೊದ್ದು ನಡೆದು ತೋರಿಸುತ್ತಿದ್ದ, ಹೆಗಲು ಇನ್ನೂ ಕುಣಿಸು ಎಂದು ತಿದ್ದಿದವಳು ನಾನು. ಈಗ ಒಳಗಿರುವ ಬುಡನ್‌ಸಾಬನಿಗೆ ಹೆಗಲೂ ಗೊತ್ತಿಲ್ಲ, ಸೊಂಟವೂ ಗೊತ್ತಿಲ್ಲ. ಮೂಟೆ ಹೊತ್ತವನ ಹಾಗೆ ನಡೆಯುತ್ತಾನೆ. ಹುಡುಗರು ಅದಕ್ಕೂ ಚಪ್ಪಾಳೆ ತಟ್ಟುತ್ತಾರೆ, ಪಾಪ, ಒಳ್ಳೆಯದನ್ನು ನೋಡಿಲ್ಲ.

ಅಣ್ಣ ಬಿದ್ದ ಮಾರನೇ ದಿನವೇ ಆ ಚರ್ಮದೊಳಗೆ ಹೊಕ್ಕವನು ಇವನು. ಬಿದ್ದಾಗ ಪಕ್ಕದಲ್ಲೇ ಇದ್ದನಂತೆ. ಬಾಯಿ ಬಿಡಲಿಲ್ಲ. ಇವನ ಲೆಕ್ಕವೂ ಇದೆ.

3 ಏಪ್ರಿಲ್, ಶುಕ್ರವಾರ

ಬುಡನ್‌ಸಾಬ್ ಎಡಗಿವಿ ಕೆರೆದುಕೊಂಡ. ನಾನು ತೊಟ್ಟಿಲಿನ ಕಡೆ ನೋಡಿದೆ.

ಮತ್ತೆ ಕೆರೆದುಕೊಂಡ. "ಜೇನಪ್ಪಂಗೆ ಇವತ್ತು ಭಾಳ ಖುಷಿ ಆಗೈತೆ, ಇನ್ನೊಂದು ಕುಣಿತ ನೋಡಾಣ ಬರ್ರಿ!" ಎಂದೆ. ಕುಣಿದ. ಕುಣಿಯದೆ ಏನು ಮಾಡುತ್ತಾನೆ? ಮೈಕು ನನ್ನ ಕೈಯಲ್ಲಿದೆ.

ಆಟ ಬಿಟ್ಟ ಮೇಲೆ ಡೇರೆಯ ಹಿಂದೆ ಕರಡಿ ತಲೆ ತೆಗೆದಾಗ ಮುಖ ಬೇಯಿಸಿದ ಗೆಣಸಿನ ಹಾಗಾಗಿತ್ತು. ಟಿಕೆಟ್ ಕೊಡುವ ದುರುಗಮ್ಮ ಬಟ್ಟೆ ಒದ್ದೆ ಮಾಡಿ ಕುತ್ತಿಗೆಗೆ ಹಾಕಿದಳು. ನಾನು ದುರುಗಮ್ಮನ ಬಾಡಿಗೆ ಕೋಣೆಯಲ್ಲೇ ಇರುವುದು. "ಏನೇ ಮಂಗ್ಳಿ, ಕಣ್ಣು ಕಾಣಾಕಿಲ್ವಾ ನಿಂಗೆ? ಕಿವಿ ಕೆರ್ಕೊಂಡೂ ಕೆರ್ಕೊಂಡೂ ಕಿವೀನೇ ಕಿತ್ತು ಬರಂಗಾಗಿತ್ತು!" ಎಂದು ಬೈದಳು.

"ಹೊಸಬಳು, ಕಲೀತಾಳೆ ಬಿಡವ್ವ," ಎಂದ ಬುಡನ್‌ಸಾಬ್.

ಇವನ ಕರುಣೆ ಯಾರಿಗೆ ಬೇಕು.

5 ಏಪ್ರಿಲ್, ಭಾನುವಾರ

ಇವತ್ತೂ ಕಾಣಿಸಲಿಲ್ಲ ನನಗೆ. ಹಹ.

9 ಏಪ್ರಿಲ್, ಗುರುವಾರ. ನಲ್ಲೂರು

ಒಂದು ದಿನ ರಜೆ ಹಾಕಿ ಮನೆಗೆ ಬಂದೆ. ಹೊನ್ನಾಳಿಯಲ್ಲಿ ಹೊಲಿಗೆ ಕಲಿಯುತ್ತಿದ್ದೇನೆ ಎಂದು ಇವರಿಗೆಲ್ಲ ಹೇಳಿದ್ದೇನೆ.

ಅಣ್ಣ ಸೈಕಲ್ ಶಾಪಿನ ಹಿಂದಿನ ಕೋಣೆಯಲ್ಲಿ ಟ್ಯೂಬಿಗೆ ತೇಪೆ ಹಾಕುತ್ತ ಕೂತಿದ್ದ. ಮುಂದೆ ಕೂರುವುದಿಲ್ಲ. ಬೀದಿಯಲ್ಲಿ ಹೋಗುವ ಹುಡುಗರು ಈಗಲೂ "ಸಾರಾಯಿ ಜೇನಪ್ಪಾ" ಎಂದು ಕೂಗಿ ಓಡುತ್ತಾರೆ. ಮೂರು ವರ್ಷವಾದರೂ ಮರೆತಿಲ್ಲ. ತಮಾಷೆ ಅಷ್ಟು ಚೆನ್ನಾಗಿತ್ತು, ಅದಕ್ಕೇ.

ಚನ್ನಗಿರಿಯಲ್ಲಿ, ಎಂಬತ್ತನಾಲ್ಕರ ಬೇಸಿಗೆಯಲ್ಲಿ, ಅಣ್ಣ ಕರಡಿಯೊಳಗೆ ಸೆಕೆ ತಾಳಲಾರದೆ ಬಿದ್ದ. ನಾನು ಜನರ ಕೊನೇ ಸಾಲಿನಲ್ಲಿದ್ದೆ. ಜನ ಗಾಬರಿಯಾದರು. ತಿಪ್ಪೇಶಪ್ಪ ಮೈಕ್ ಹಿಡಿದು, "ಏನಿಲ್ಲ, ಏನಿಲ್ಲ! ನಮ್ಮ ಜೇನಪ್ಪ ಜೇನು ಅಂತ ತಿಳ್ಕೊಂಡು ಸಾರಾಯಿ ಕುಡ್ದಾನೆ!" ಎಂದ. ಅಷ್ಟೂ ಜನ ನಕ್ಕರು. ಒಳಗಿರುವುದು ನಲ್ಲೂರಿನ ಮರುಳಪ್ಪ ಎಂದು ಸುತ್ತಲಿನ ಊರಿಗೆಲ್ಲ ಗೊತ್ತು, ಅಣ್ಣನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದ. ಎಂಟು ದಿನದಲ್ಲಿ, ಅಣ್ಣನಿಗೆ ಹೆಣ್ಣು ಗೊತ್ತಾಗಿದ್ದ ಸಾಸ್ವೆಹಳ್ಳಿಯಿಂದ ಹೇಳಿ ಕಳಿಸಿದರು, ಕುಡುಕನಿಗೆ ಹೆಣ್ಣು ಕೊಡುವುದಿಲ್ಲ ಎಂದು. ಅಣ್ಣ ಸಾರಾಯಿ ಅಂಗಡಿಯ ಸಾಲಿನಲ್ಲಿ ನಡೆದು ಹೋಗುವವನೂ ಅಲ್ಲ.

"ತಿಪ್ಪೇಶಪ್ಪ ಎದುರಿಗೆ ಸಿಕ್ರೆ ಏನ್ ಮಾಡ್ತೀಯಣ್ಣ?" ಎಂದು ಕೇಳಿದೆ.

"ಏನ್ ಮಾಡಾದು. ಅವ್ನಿಗೆ ನೆನಪೂ ಇರಾಕಿಲ್ಲ."

"ನಂಗೈತೆ."

"ನೀನು ಹೊಲಿಗೆ ಕಲಿ ಸುಮ್ನೆ. ಒಂದು ರವಿಕೆನಾರ ಹೊಲಿದ್ಯಾ ಇಷ್ಟು ದಿನಕ್ಕೆ?"

ಅವ್ವ ಕೊಟ್ರಮ್ಮ ಒಳಗಿನಿಂದ ನಕ್ಕಳು. ಅಣ್ಣನೂ ನಕ್ಕ. ನನಗೆ ನಗು ಬರಲಿಲ್ಲ. ಇವನು ಹೀಗೆ ಮೆತ್ತಗಿರುವುದಕ್ಕೇ ಇದೆಲ್ಲ ಆಗಿದ್ದು. ಇವನ ಪಾಲಿನ ಸಿಟ್ಟನ್ನೂ ನಾನೇ ಹೊರಬೇಕು.

16 ಏಪ್ರಿಲ್, ಗುರುವಾರ. ನ್ಯಾಮತಿ

ಕಂಪನಿ ಇಲ್ಲಿಗೆ ಬಂದು ನಾಲ್ಕು ದಿನವಾಯಿತು. ಇವತ್ತು ಎರಡು ಸಂಗತಿ.

ಒಂದು: ದಾವಣಗೆರೆಯ ಮುರುಗೇಶಪ್ಪ ಎನ್ನುವ ಸಾಹುಕಾರರು ಊರಾಚೆ ಜಾಗ ಕೊಡುತ್ತಾರಂತೆ. ತಿಪ್ಪೇಶಪ್ಪ ಅಲ್ಲಿ ಕಾಯಂ ಮಕ್ಕಳ ಉದ್ಯಾನ ಮಾಡುತ್ತಾನಂತೆ. ಊರೂರು ಅಲೆಯುವುದು ಮುಗಿಯಿತು. ಮುರುಗೇಶಪ್ಪನವರು ಜಗಳೂರಿನಲ್ಲಿ ಬಂದು ನೋಡಿ ಮಾತು ಕೊಡುತ್ತಾರಂತೆ. ತಿಪ್ಪೇಶಪ್ಪ ಮದುವೆ ಗಂಡಿನ ಹಾಗೆ ಓಡಾಡುತ್ತಿದ್ದಾನೆ. ನಾನು ಕಾಯುತ್ತಿದ್ದ ದಿನ ಇದೇ. ಅವನು ಏರುವ ಮೆಟ್ಟಿಲ ಮೇಲೇ ಅವನನ್ನು ಕೆಡವಬೇಕು. ಅವನ ಮುಖ ಆಗ ಹೇಗಾಗುತ್ತದೆ ಎಂದು ಒಂದು ಸಲ ನೋಡಿದರೆ ಸಾಕು ನನಗೆ.

ಎರಡು: ಬುಡನ್‌ಸಾಬ್‌ಗೆ ಗೊತ್ತಾಗಿದೆ.

ಮಧ್ಯಾಹ್ನ ಕರಡಿ ಚರ್ಮವನ್ನು ಹಗ್ಗದ ಮೇಲೆ ಒಣಗಿಹಾಕುತ್ತ, ತಿರುಗಿ ಕೂಡ ನೋಡದೆ, "ಮರುಳಪ್ಪ ಹೆಂಗವ್ನಮ್ಮ?" ಎಂದರು.

ಚಹಾದ ಲೋಟ ಕೆಳಗಿಟ್ಟೆ. "ಯಾವ ಮರುಳಪ್ಪ?"

"ನಗೋವಾಗ ಅವನಂಗೇ ಮೂಗು ಸುಕ್ಕು ಮಾಡ್ತೀಯ. ಬಂದ ದಿನಾನೇ ತಿಳೀತು."

"ಹಂಗಾರೆ ಯಜಮಾನ್ರಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಓಡಿಸ್ತಿದ್ದ. ನಂಗೆ ಏನು ಬರ್ತಿತ್ತು?"

ಸುಮ್ಮನಿರಲಾಗಲಿಲ್ಲ. "ಅವತ್ತೂ ನೀವು ಬಾಯಿ ಬಿಡ್ಲಿಲ್ಲ," ಎಂದೆ.

"ಬಿಟ್ಟೆ ಕಣಮ್ಮ. ಅವ್ನ ಡೇರೆ ಹಿಂದಕ್ಕೆ ಎಳೆದು, ಕರಡಿ ತಲೆ ತೆಗೆದು ನೀರು ಹಾಕ್ದೋನು ನಾನೇ. ಕುಡ್ದಿಲ್ಲ, ಕುಡ್ದಿಲ್ಲ ಅಂತ ಕೂಗ್ದೆ. ಮೈಕ್ ಮುಂದೆ ಬಾಯಿ ಯಾವನಿಗೆ ಕೇಳ್ತೈತೆ?"

"ಮಾರನೇ ದಿನ ನೀವೇ ಹೊಕ್ಕೊಂಡ್ರಿ."

"ಹೂಂ. ಹೊಕ್ಕೊಂಡೆ." ಅಷ್ಟೇ ಹೇಳಿದರು. ಚರ್ಮವನ್ನು ಮಗ್ಗುಲು ಬದಲಿಸಿ ಹಾಕಿದರು.

19 ಏಪ್ರಿಲ್, ಭಾನುವಾರ

ನಂಬಿಲ್ಲ ನಾನು. ಕೂಗಿದರಂತೆ. ಯಾರು ಬೇಕಾದರೂ ಹಾಗೆ ಹೇಳಬಹುದು.

ಆದರೂ ಈಗ ಕಿವಿ ಕೆರೆದುಕೊಂಡ ತಕ್ಷಣ ಕಳಿಸುತ್ತಿದ್ದೇನೆ. ಕಾರಣ ಇದೆ. ಜಗಳೂರಿಗೆ ಮೊದಲೇ ಇವರು ಹಾಸಿಗೆ ಹಿಡಿದರೆ ನನ್ನ ಕೆಲಸ ಕೆಡುತ್ತದೆ. ಬೇರೇನೂ ಅಲ್ಲ.

ಹೆಗಲು ಕುಣಿಸುವುದನ್ನೂ ತೋರಿಸಿಕೊಟ್ಟೆ. ಆ ಮೂಟೆ ನಡಿಗೆ ನೋಡಿ ನೋಡಿ ಕಣ್ಣು ನೋಯುತ್ತಿತ್ತು. ಎರಡೇ ದಿನದಲ್ಲಿ ಹಿಡಿದರು. ದುರುಗಮ್ಮ, "ಮುದ್ಯಾ ಈಗ ಹುಡುಗ ಆದ!" ಎಂದಳು. ಅಣ್ಣನಷ್ಟು ಇಲ್ಲ. ಪರವಾಗಿಲ್ಲ.

28 ಏಪ್ರಿಲ್, ಮಂಗಳವಾರ. ಜಗಳೂರು

ಇದೇನು ಬಿಸಿಲು! ನೆಲದ ಮೇಲೆ ಚಪ್ಪಲಿ ಅಂಟುತ್ತದೆ. ಡೇರೆ ಕಟ್ಟುವವರು ಗೂಟಕ್ಕೆ ಹೊಡೆದರೆ ಗೂಟವೇ ಬಾಗುತ್ತದೆ.

ಬುಡನ್‌ಸಾಬರಿಗೆ ಇದು ತಮ್ಮ ಸೀಮೆ. ಬಿಳಿಚೋಡಿನವರು. ಆದರೆ ಕರಡಿಯೊಳಗಿರುವುದು ತಾವು ಎಂದು ಊರಲ್ಲಿ ಯಾರಿಗೂ ಹೇಳಿಲ್ಲವಂತೆ, ಕಂಪನಿಯಲ್ಲಿ ಗೂಟ ಹೊಡೆಯುವ ಕೆಲಸ ಎಂದಿದ್ದಾರಂತೆ. "ಮರುಳಪ್ಪ ಹೇಳ್ಕೊಂಡು ಏನಾದ ನೋಡಿದ್ನಲ್ಲ," ಎಂದರು. ಹೆಂಡತಿ ಜೈನಾಬ್ ಅಮ್ಮ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಜೋಳದ ರೊಟ್ಟಿ, ಕೆಂಪು ಚಟ್ನಿ. ನನಗೂ ಕೊಟ್ಟರು. ಈ ಶುಕ್ರವಾರದಿಂದ ರಂಜಾನಿನ ರೋಜಾ, ಉಪವಾಸ, ಶುರುವಂತೆ.

"ಈ ಬಿಸ್ಲಾಗೆ, ಆ ಚರ್ಮದಾಗೆ, ನೀರೂ ಇಲ್ದಂಗೆ?" ಎಂದೆ.

"ಹೋದ ವರ್ಷಾನೂ ಇದ್ದೆ. ಅಲ್ಲಾ ನಡೆಸ್ತಾನೆ. ನೀನು ಕಿವಿ ಮ್ಯಾಲೆ ಕಣ್ಣಿಟ್ಟಿರು, ಅಷ್ಟೇ."

2 ಮೇ, ಶನಿವಾರ

ಇವತ್ತು ಒಂದು ಮಾತು ಹೊಳೆಯಿತು. ಎಂಥ ಮಾತು ಅಂದರೆ ನನಗೇ ಬೆನ್ನು ತಟ್ಟಿಕೊಳ್ಳಬೇಕು ಅನಿಸಿತು.

ಸಂಜೆ ನಮಾಜಿಗೆ ಬುಡನ್ ಚಾಚಾಗೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ಹೊಳೆಯಲ್ಲಿ ಮೀಯಾಕೆ ಹೋಗ್ಯಾನೆ ಎನ್ನಲು ಜಗಳೂರಿನಲ್ಲಿ ಹೊಳೆ ಎಲ್ಲಿದೆ? ಹುಡುಗರು ನಂಬುವುದಿಲ್ಲ. ಜೇನು ಹುಡುಕಾಕೆ ಹೋಗ್ಯಾನೆ ಎಂದರೆ "ನಾವೂ ಬರ್ತೀವಿ" ಎನ್ನುತ್ತಾರೆ. ಆಗ ಬಾಯಿಗೆ ತಾನೇ ಬಂತು: "ಮಕ್ಕಳೇ, ಸದ್ದು ಮಾಡಬ್ಯಾಡ್ರಿ. ಜೇನಪ್ಪ ಪೂಜೆಗೆ ಕುಂತಾನೆ."

ಮುಗಿಯಿತು! ಮೈದಾನವೇ ತಣ್ಣಗಾಯಿತು. ನಮ್ಮ ಕಡೆ ಯಾರ ಮನೆ ಬಾಗಿಲಿಗೆ ಹೋದರೂ, "ಅಪ್ಪಾರು ಪೂಜೆಗೆ ಕುಂತಾರೆ" ಎಂದರೆ ಎಂಥವನೂ ಜಗುಲಿಯ ಮೇಲೆ ಬಾಯಿ ಮುಚ್ಚಿಕೊಂಡು ಕಾಯುತ್ತಾನೆ. ಎಷ್ಟು ಹೊತ್ತು ಎಂದು ಕೇಳುವ ಹಾಗಿಲ್ಲ, ಇಣುಕುವ ಹಾಗಿಲ್ಲ. ಹುಡುಗರು ಒಬ್ಬರ ಬಾಯಿಯ ಮೇಲೆ ಒಬ್ಬರು ಕೈ ಇಟ್ಟು ಕೂತರು. ಒಬ್ಬ ಅಳುವ ತಮ್ಮನಿಗೆ ಗುದ್ದಿದ, "ಪೂಜಿ ಕೆಡ್ತೈತಲೇ!"

ಡೇರೆಯ ಹಿಂದೆ ಚಾಚಾ ಚಾಪೆ ಹಾಸಿ ನಮಾಜು ಮುಗಿಸಿದರು. ದುರುಗಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. "ಸಾಬ್ರಿಗೆ ಲಿಂಗಪೂಜೆ ಮಾಡಿಸ್ಬಿಟ್ಯಲ್ಲೇ ಮಾರಾಯ್ತಿ!"

"ಸುಳ್ಳೇನಲ್ಲ ಬಿಡವ್ವ," ಎಂದರು ಚಾಚಾ. "ಕುಂತಿದ್ದಂತೂ ನಿಜ."

5 ಮೇ, ಮಂಗಳವಾರ

ಪೂಜೆಯ ಮಾತಿಗೆ ಬಾಲ ಬೆಳೆದಿದೆ. ಪೂಜೆ ಆದ ಮೇಲೆ ಪ್ರಸಾದ ಆಗಬೇಕಲ್ಲ! ಮೊನ್ನೆ ಹುಡುಗರು ಮನೆಯಿಂದ ಬಾಳೆಹಣ್ಣು, ಕಲ್ಲುಸಕ್ಕರೆ ತಂದು ಕರಡಿಯ ಬಾಯಿಗೆ ತುರುಕಿದರು. ಒಬ್ಬಳು ಪಾನಕದ ಚೊಂಬನ್ನೇ ಎತ್ತಿ ಹುಯ್ದಳು. ಇಳಿಹೊತ್ತಿನ ಬಿಸಿಲಿನಲ್ಲಿ, ಬೆಳಗಿನಿಂದ ಒಣಗಿದ ಗಂಟಲಿನ ಮುಂದೆ, ಬೆಲ್ಲದ ಪಾನಕ! ಚಾಚಾ ತುಟಿ ಬಿಗಿಹಿಡಿದು, ತಲೆ ಅಲ್ಲಾಡಿಸಿ, ಎಲ್ಲವನ್ನೂ ಎದೆಯ ಮೇಲೆ ಇಳಿಸಿಕೊಂಡರಂತೆ. ಆಮೇಲೆ ಇರುವೆ ಮುತ್ತಿ ಎರಡು ದಿನ ಕಚ್ಚಿವೆ.

"ಜೇನಪ್ಪ ಇವತ್ತು ಒಪ್ಪತ್ತು ಮಾಡ್ಯಾನೆ, ರಾತ್ರಿ ತಿಂತಾನೆ," ಎಂದು ಹೇಳಿ ಬಿಡಿಸಿಕೊಂಡೆ. ಪ್ರಸಾದ ಇಡಲು ಒಂದು ಬುಟ್ಟಿ ಇಟ್ಟಿದ್ದೇನೆ. ಹೊತ್ತು ಮುಳುಗಿದ ಮೇಲೆ ಚಾಚಾ ಆ ಬುಟ್ಟಿಯ ಹಣ್ಣಿನಲ್ಲೇ ರೋಜಾ ಬಿಟ್ಟರು. ನನಗೂ ಅರ್ಧ ಮುರಿದುಕೊಟ್ಟರು.

8 ಮೇ, ಶುಕ್ರವಾರ

ಭಾನುವಾರ ಮುರುಗೇಶಪ್ಪನವರು ಮೊಮ್ಮಕ್ಕಳ ಜೊತೆ ಬರುತ್ತಾರೆ. ತಿಪ್ಪೇಶಪ್ಪ ನಮ್ಮನ್ನೆಲ್ಲ ನಿಲ್ಲಿಸಿಕೊಂಡ.

"ಅವ್ರು ಕುಂತಿರೋ ತನಕ ಜೇನಪ್ಪ ಅಂಗಳ ಬಿಟ್ಟು ಹೋಗೋ ಹಂಗಿಲ್ಲ. ಪೂಜೆ ಗೀಜೆ ಏನೂ ಬ್ಯಾಡ. ಮಂಗ್ಳಿ, ಕೇಳ್ತಾ?"

"ಯಜಮಾನ್ರೇ, ಅವ್ರು ರೋಜಾ ಅದಾರೆ," ಎಂದಳು ದುರುಗಮ್ಮ.

"ಒಂದು ದಿನ ಬಿಡ್ಲಿ. ಕರಡಿಗೆ ಎಂಥ ರೋಜಾ?"

ಚಾಚಾ ಕರಡಿ ತಲೆ ಎತ್ತಿಕೊಂಡು ಡೇರೆಯ ಹಿಂದೆ ನಡೆದರು.

ನನಗೆ ಮೈಯೆಲ್ಲ ಜುಮ್ಮೆಂದಿತು. ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ನಾನು ಸುಮ್ಮನೆ ಮೈಕ್ ಹಿಡಿದು ತಿಪ್ಪೇಶಪ್ಪ ಹೀಗೆ ಮಾಡಿದ ಎಂದರೆ, ಯಾವುದೋ ಹುಡುಗಿ ಏನೋ ಒದರುತ್ತಾಳೆ ಎನ್ನುತ್ತಾರೆ. ಆದರೆ ಮುರುಗೇಶಪ್ಪನವರ ಕಣ್ಣೆದುರೇ ಜೇನಪ್ಪ ಬಿದ್ದರೆ? ಆಗ ನನ್ನ ಒಂದೊಂದು ಮಾತೂ ಮೊಳೆ ಹೊಡೆದ ಹಾಗೆ ಕೂರುತ್ತದೆ. ಚನ್ನಗಿರಿಯಲ್ಲಿ ಹೀಗೇ ಒಬ್ಬನನ್ನು ಬೀಳಿಸಿ, ಕುಡುಕ ಎಂದ ಪಾಪಿ ಇವನು, ಅವನ ಹೆಸರು ಮರುಳಪ್ಪ, ನಾನು ಅವನ ತಂಗಿ. ನಾಲ್ಕು ಸಾಲು. ಬಾಯಿಪಾಠ ಮಾಡಿದ್ದೇನೆ.

ಜೇನಪ್ಪ ಬೀಳಬೇಕು ಅಷ್ಟೇ. ಬೀಳುವುದು ಜೇನಪ್ಪ. ಕರಡಿಯೊಳಗೆ ಕರಡಿಯೇ ಇರುವುದು.

10 ಮೇ, ಭಾನುವಾರ, ಬೆಳಗ್ಗೆ

ನಿದ್ದೆ ಬರಲಿಲ್ಲ. ಖುಷಿಗೇ ಇರಬೇಕು.

ಚಾಚಾ ಬೆಳಗ್ಗೆ ಎದುರು ಸಿಕ್ಕಿ, "ಯಾಕಮ್ಮ, ಮುಖ ಬಾಡೈತೆ? ಏನಾರ ತಿಂದ್ಯಾ?" ಎಂದರು. ಉಪವಾಸವಿರುವವರು ನನ್ನನ್ನು ಕೇಳುತ್ತಾರೆ. ತಿಂದೆ ಎಂದೆ.

ಇವತ್ತು ಹೊಸ ಲಂಗ ದಾವಣಿ.

11 ಮೇ, ಸೋಮವಾರ

ಎಲ್ಲವನ್ನೂ ಬರೆಯುತ್ತೇನೆ.

ಮುರುಗೇಶಪ್ಪನವರು ಮುಂದೆ ಕುರ್ಚಿಯಲ್ಲಿ, ಮೊಮ್ಮಕ್ಕಳು ತೊಡೆಯ ಮೇಲೆ. ತಿಪ್ಪೇಶಪ್ಪ ಬೀಸಣಿಗೆ ಹಿಡಿದು ಪಕ್ಕದಲ್ಲಿ. ಮೈದಾನ ತುಂಬಿತ್ತು. ಬಿಸಿಲು ಇನ್ನೂ ಇಳಿದಿರಲಿಲ್ಲ.

ಚಾಚಾ ಹೆಗಲು ಕುಣಿಸಿ ಬಂದರು. ನಿಜ ಹೇಳುತ್ತೇನೆ, ಅಣ್ಣನೂ ಅಷ್ಟು ಚೆನ್ನಾಗಿ ಕುಣಿದಿರಲಿಲ್ಲ. ಆಮೇಲೆ ಎಡಗಿವಿ ಕೆರೆದುಕೊಂಡರು. ನಾನು ನೋಡಿದೆ. ಸರಿಯಾಗಿ ನೋಡಿದೆ. "ಜೇನಪ್ಪ, ಸಾಹುಕಾರ್ರ ಮೊಮ್ಮಕ್ಕಳಿಗೆ ಕೈ ಕೊಡಪ್ಪ," ಎಂದೆ. ಕೊಟ್ಟರು. ಮತ್ತೆ ಕೆರೆದುಕೊಂಡರು. "ಒಂದು ಲಾಗ ಹಾಕಪ್ಪ," ಎಂದೆ. ಹಾಕಲು ಬಗ್ಗಿದವರು ಎರಡೂ ಕೈಯಿಂದ ಕಿವಿ ಹಿಡಿದುಕೊಂಡರು. ಶಾಲೆಯಲ್ಲಿ ತಪ್ಪು ಮಾಡಿದ ಹುಡುಗ ಹಿಡಿದುಕೊಳ್ಳುವ ಹಾಗೆ. ಜನ ನಕ್ಕರು. ಹಾಗೇ ಪಕ್ಕಕ್ಕೆ ಬಿದ್ದರು.

ಈಗ ಹೇಳಬೇಕಿತ್ತು ನಾನು, ಆ ನಾಲ್ಕು ಸಾಲು. ಮೈಕ್ ಬಾಯಿಯ ಹತ್ತಿರವೇ ಇತ್ತು. ಬಂದದ್ದು ಒಂದೇ: "ಚಾಚಾ!"

ಮೈದಾನಕ್ಕೆಲ್ಲ ಕೇಳಿತು.

"ನೀರು ತರ್ರಿ! ಒಳಗೆ ಮನುಷ್ಯ ಅದಾರೆ! ಬ್ಯಾಗ ನೀರು ತರ್ರೀ!" ಎಂದು ಕೂಗಿದೆ. ಹುಡುಗರು ಚಪ್ಪಾಳೆ ತಟ್ಟಿದರು. ನಾನು ದಿನಾ ಕಟ್ಟುವ ಕಥೆಗಳಲ್ಲಿ ಇದೂ ಒಂದು ಎಂದುಕೊಂಡರು. "ಜೇನಪ್ಪನ ಹೊಟ್ಟೆಯಾಗೆ ಮನುಷ್ಯನಂತೆ! ನುಂಗ್ಯಾನೆ!" ಎಂದು ಒಬ್ಬ ಕುಣಿದ.

ತಿಪ್ಪೇಶಪ್ಪ ನನ್ನ ಕೈಯಿಂದ ಮೈಕ್ ಕಿತ್ತುಕೊಂಡ. "ಏನಿಲ್ಲ, ಏನಿಲ್ಲ! ನಮ್ಮ ಜೇನಪ್ಪ ಜೇನು ಅಂತ ತಿಳ್ಕೊಂಡು ಸಾರಾಯಿ ಕುಡ್ದಾನೆ!"

ಅದೇ ಮಾತು. ಒಂದಕ್ಷರ ಬದಲಿಲ್ಲ. ಅಷ್ಟೂ ಜನ ನಕ್ಕರು. ಮುರುಗೇಶಪ್ಪನವರೂ ನಕ್ಕರು.

ನಾನು ಅಂಗಳಕ್ಕೆ ಓಡಿದೆ. ಗದ್ದದ ಕೆಳಗಿನ ದಾರ ಗಂಟು ಬಿದ್ದಿತ್ತು. ಹಲ್ಲಿನಿಂದ ಕಚ್ಚಿ ಹರಿದೆ. ಎಲ್ಲರೆದುರಿಗೇ ಕರಡಿಯ ತಲೆ ಕಿತ್ತು ಎಸೆದೆ. ಒಂದು ಮಗು ಚಿಟಾರನೆ ಚೀರಿತು. ಚಾಚಾನ ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು.

ಹಗ್ಗದಾಚೆಯಿಂದ ಕಂಬಳಿ ಹೊದ್ದ ಅಜ್ಜನೊಬ್ಬ ಎದ್ದು ನಿಂತ. "ಏಯ್, ಇವ್ರು ನಮ್ಮ ಬಿಳಿಚೋಡಿನ ಬುಡನ್‌ಸಾಬ್ರು ಅಲ್ಲೇನ್ರೋ!"

"ಹೌದಲೇ! ಅವ್ರೇ!"

"ರೋಜಾ ಹಿಡ್ದಿರೋ ಮನುಷ್ಯನ್ನ ಕುಡ್ದಾನೆ ಅಂತೀಯೇನೋ?" ಅಜ್ಜ ಹಗ್ಗ ದಾಟಿ ಬಂದ. "ಉಗುಳು ನುಂಗಾದಿಲ್ಲ ಅವ್ರು, ಸಾರಾಯಿ ಕುಡೀತಾರೇನೋ, ಹೇಳೋ!"

ನಗು ಎಲ್ಲಿ ಹೋಯಿತೋ. ಹೆಂಗಸರು ಚೊಂಬು ಚೊಂಬು ನೀರು ತಂದರು. ಯಾರೋ ಲಗೇಜ್ ಆಟೋ ತಂದರು. ಚರ್ಮ ಬಿಚ್ಚುವಷ್ಟು ಹೊತ್ತಿರಲಿಲ್ಲ. ಕರಡಿ ಮೈ, ಮನುಷ್ಯನ ತಲೆ, ನನ್ನ ತೊಡೆಯ ಮೇಲೆ. ದಾರಿಯುದ್ದಕ್ಕೂ ಬೀಸಿದೆ. ಏನು ಹಿಡಿದು ಬೀಸಿದೆನೋ ನೆನಪಿಲ್ಲ.

ಆಸ್ಪತ್ರೆಗೆ ದುರುಗಮ್ಮ ಬಂದು ಉಳಿದದ್ದು ಹೇಳಿದಳು. ಜನ ತಿಪ್ಪೇಶಪ್ಪನನ್ನು ಸುತ್ತಿಕೊಂಡರಂತೆ. ಚನ್ನಗಿರಿಯಲ್ಲಿ ಆ ಆಟ ನೋಡಿದ್ದವನೊಬ್ಬ ಅಲ್ಲಿದ್ದನಂತೆ. "ಅಲ್ಲೂ ಇದೇ ಮಾತು ಅಂದಿದ್ದ ಕಣ್ರೀ! ಹಂಗಾರೆ ಆ ಹುಡುಗನೂ ಕುಡ್ದಿರ್ಲಿಲ್ಲ ಅನ್ರಿ!" ಎಂದು ಅವನೇ ಕೂಗಿದನಂತೆ. ಮುರುಗೇಶಪ್ಪನವರು ಮೊಮ್ಮಕ್ಕಳ ಕೈ ಹಿಡಿದು, ಒಂದೂ ಮಾತಾಡದೆ, ಕಾರು ಹತ್ತಿದರಂತೆ. ತಿಪ್ಪೇಶಪ್ಪ ಹಿಂದೆ ಓಡಿದನಂತೆ, ಗಾಜು ಏರಿಸಿಕೊಂಡರಂತೆ. ಆಮೇಲೆ ಸಿಕ್ಕ ಲಾರಿ ಹತ್ತಿ ದಾವಣಗೆರೆ ಕಡೆ ಹೋದವನು ಬಂದಿಲ್ಲ.

"ಅವನ ಮುಖ ನೋಡ್ಬೇಕಿತ್ತು ಕಣೇ ಆವಾಗ!" ಎಂದಳು ದುರುಗಮ್ಮ.

ನಾನು ಡ್ರಿಪ್ಪಿನ ಬಾಟಲಿ ನೋಡುತ್ತಿದ್ದೆ. ಹನಿ ನಿಂತುಹೋಗಿದೆ ಅನಿಸಿ ನರ್ಸನ್ನು ಕರೆಯಲು ಎದ್ದೆ.

13 ಮೇ, ಬುಧವಾರ

ನಿನ್ನೆಯಿಂದ ನಾವೇ ಪ್ರದರ್ಶನ ನಡೆಸುತ್ತಿದ್ದೇವೆ. ತೊಟ್ಟಿಲು ಮತ್ತು ಕನ್ನಡಿ ಮಾತ್ರ. ಅಣ್ಣನಿಗೆ ಹೇಳಬೇಕು. ಎಲ್ಲಿಂದ ಶುರು ಮಾಡಲಿ ಎಂದು ತಿಳಿಯುತ್ತಿಲ್ಲ. ಹೊಲಿಗೆಯಿಂದಲೇ ಶುರು ಮಾಡಬೇಕು.

ಬೆಳಗ್ಗೆ ಆಸ್ಪತ್ರೆಗೆ ಹೋದಾಗ ಜೈನಾಬ್ ಅಮ್ಮ ಗಂಜಿ ಕುಡಿಸುತ್ತಿದ್ದರು. ರೋಜಾ ಸದ್ಯಕ್ಕೆ ಬೇಡ ಎಂದು ಡಾಕ್ಟರು ಗದರಿದ್ದಾರೆ. ಚಾಚಾ ಬೇಸರದಲ್ಲಿದ್ದರು. ಅಮ್ಮ ಚೊಂಬು ತೊಳೆಯಲು ಹೊರಗೆ ಹೋದ ಮೇಲೆ ನನ್ನನ್ನೇ ನೋಡಿದರು.

"ಕಿವಿ ಕೆರ್ಕೊಂಡೆ. ಕಾಣ್ತಾ ನಿಂಗೆ?"

ಸುಳ್ಳು ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಈ ಸೀಮೆಯಲ್ಲಿ. ಒಂದೂ ಹೊಳೆಯಲಿಲ್ಲ.

"ಕಾಣ್ತು ಚಾಚಾ."

"ಎಲ್ಡು ಸಲಾನೂ?"

"ಎಲ್ಡು ಸಲಾನೂ."

"ಹೂಂ," ಎಂದರು. ಗೋಡೆಯ ಕಡೆ ತಿರುಗಿದರು. ಎದ್ದು ಹೋಗಲೇ ಎಂದುಕೊಂಡೆ. ಬೀಸಣಿಗೆ ಎತ್ತಿಕೊಂಡು ಬೀಸತೊಡಗಿದೆ. ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದರು.

"ನಿನ್ನೆ ಹುಡುಗ್ರು ಬಂದಿದ್ವಾ?"

"ಬಂದಿದ್ವು."

"ಜೇನಪ್ಪ ಎಲ್ಲಿ ಅಂತ ಕೇಳ್ಲಿಲ್ವಾ? ಏನ್ ಹೇಳ್ದೆ?"

"ಬಿಳಿಚೋಡಿನ ಬುಡನ್‌ಸಾಬ್ರಿಗೆ ಹುಷಾರಿಲ್ಲ, ಆಸ್ಪತ್ರೆಯಾಗೆ ಮಲಗ್ಯಾರೆ ಅಂದೆ."

ಚಾಚಾ ಈ ಕಡೆ ತಿರುಗಿದರು. "ಮೈಕ್‌ನಾಗೆ?"

"ಮೈಕ್‌ನಾಗೇ."

"ಏನಂದ್ವು?"

"ಅದ್ಯಾರು ಅಂದ್ವು. ಜೇನಪ್ಪನ ಒಳಗಿರೋರು ಅಂದೆ."

"ಆಮ್ಯಾಲೆ?"

"ಒಂದೊಂದೂ ಮುಖ ಮುಖ ನೋಡ್ಕೊಂಡ್ವು ಚಾಚಾ. ಹಂಗಾರೆ ಇಬ್ರೂ ಬರ್ಲಿ ಅಂದ್ವು."